ಕಂಬದ ಆಚೆ ನಿಂತವಳು

ನಮ್ಮ ತಾತ ನನ್ನ ಜೊತೆ ಒಂಬತ್ತು ವರ್ಷ ಮಾತು ಬಿಟ್ಟಿದ್ದರು. ಅಂದರೆ ನಾನು ಹುಟ್ಟಿದ ದಿನದಿಂದಲೂ. ತೊಟ್ಟಿಲಲ್ಲಿ ಮಲಗಿದ್ದ ಕೂಸು ಅಂಥದ್ದೇನು ಮಾಡಿತ್ತು ಎಂದು ನೀವು ಕೇಳಬಹುದು. ಬುದ್ಧಿ ಬಂದ ಮೇಲೆ ನಾನೂ ಕೇಳುತ್ತಿದ್ದೆ. ಜಗಳ ನಾನು ಹುಟ್ಟುವ ಮೊದಲಿನದು, ಆಡಿದವರು ಬೇರೆಯವರು. ಅದು ಹೇಗೆ ನನ್ನ ಪಾಲಿಗೆ ಬಂತು ಎಂದು ಮೊದಲು ಹೇಳಿಬಿಡುತ್ತೇನೆ.

ನಮ್ಮದು ಬೆಸಗರಹಳ್ಳಿಯಿಂದ ಒಂದು ಹರದಾರಿ ದೂರದ ಹಳ್ಳಿ. ನಮ್ಮ ಅಪ್ಪನ ತಾಯಿ, ಅಂದರೆ ಅಜ್ಜಿ, ಬೆಳಕವಾಡಿಯಿಂದ ಬಂದವಳು. ನಮ್ಮ ಕಡೆ ಸೊಸೆಯನ್ನು ಅವಳ ತವರೂರಿನಿಂದಲೇ ಗುರುತಿಸುತ್ತಾರೆ. ಹಾಗಾಗಿ ಅವಳು ಊರಿಗೆಲ್ಲ ಬೆಳಕವಾಡಿಯವಳು, ತಾತನಿಗೂ ಬೆಳಕವಾಡಿಯವಳೇ. ಹೆಂಡತಿಯ ಹೆಸರು ತಾತನ ಬಾಯಲ್ಲಿ ಒಂದು ದಿನವೂ ಬಂದಿರಲಿಲ್ಲವಂತೆ. ಅದು ಆಗಿನ ಮರ್ಯಾದೆ.

ನಮ್ಮ ಗದ್ದೆಗೆ ಮೊದಲ ಸಲ ನಾಲೆ ನೀರು ಹಾಯಿಸಿದ ದಿನ ತಾತ ನೆಂಟರಿಗೆಲ್ಲ ಊಟ ಹಾಕಿಸಿದರು. ಅಜ್ಜಿಯ ತಮ್ಮನೂ ಬೆಳಕವಾಡಿಯಿಂದ ಬಂದಿದ್ದ. ಮದುವೆಯಾಗದವನು, ಆರು ಕಟ್ಟಿ ಹೊಲ ಉಳದವನು, ಮರದಡಿ ಕಣ್ಣು ಮುಚ್ಚಿ ಕೂರುವವನು. ಅವನು ಮೊದಲ ಸಾಲಿನಲ್ಲಿ ಎಲೆಯ ಮುಂದೆ ಕೂತದ್ದನ್ನು ಕಂಡು ತಾತ ಎಲ್ಲರ ಎದುರಿಗೆ, "ಗೇಯೋಕ್ಕಾಗ್ದೋನು ಉಣ್ಣೋಕೆ ಮಾತ್ರ ಮೊದಲ್ನೇ ಸಾಲ್ಗೆ ಬಂದವ್ನೆ ನೋಡ್ರಲಾ" ಅಂದರು. ನಗುವವರು ನಕ್ಕರು. ತುಸು ಹೊತ್ತಿಗೆ ಅವನು ಎಲೆ ಬಿಟ್ಟು ಎದ್ದ, ಹಿತ್ತಿಲ ಬಾಗಿಲಿನಿಂದ ಹೊರಗೆ ಹೋದ. ಮತ್ತೆ ಬರಲಿಲ್ಲ. ಊರಿಗೂ ಸರಿಯಾಗಿ ಹೋಗದೆ ತಮಿಳು ಸೀಮೆಯ ಕಡೆ ಹೊರಟುಹೋದನೆಂದು ಆಮೇಲೆ ಸುದ್ದಿ ಬಂತು.

ಉಣ್ಣುವವನನ್ನು ಎಲೆಯಿಂದ ಎಬ್ಬಿಸುವುದಕ್ಕಿಂತ ದೊಡ್ಡ ಪಾಪ ನಮ್ಮಲ್ಲಿಲ್ಲ. ಅಂದು ಸಂಜೆ ಅಜ್ಜಿ ಪಡಸಾಲೆಯ ನಡುಗಂಬದ ಮುಂದೆ ನಿಂತು, "ನೋಡಪ್ಪ ಕಂಬ, ನನ್ನ ತಮ್ಮನ್ನ ಎಲೆಯಿಂದ ಎಬ್ಬಿಸ್ದೋರ ಜೊತೆ ಇನ್ ನಂಗೆ ಮಾತಿಲ್ಲ ಅಂತ ಯೋಳ್ಬುಡು" ಅಂದಳಂತೆ. ತಾತ ಎರಡು ಮಾರು ದೂರದಲ್ಲೇ ಕೂತಿದ್ದರು.

ಗಂಡ ಹೆಂಡಿರು ಮಾತು ಬಿಟ್ಟರೂ ಮನೆ ನಡೆಯಬೇಕಲ್ಲ. ಅದಕ್ಕೆ ನಮ್ಮ ಕಡೆಯವರು ಕಂಡುಕೊಂಡ ದಾರಿ ಇದು: ಹೇಳಬೇಕಾದ್ದನ್ನು ಕಂಬಕ್ಕೋ ಹಸುವಿಗೋ ಬೆಕ್ಕಿಗೋ ಹೇಳುವುದು, ಕೇಳಬೇಕಾದವರು ಕೇಳಿಸಿಕೊಳ್ಳುವುದು. "ಏ ಕಂಬ, ಬಿಸ್ನೀರು ಕಾದೈತೆ ಅನ್ನು." "ಕಂಬ, ಮದ್ದೂರಿಗೋಯ್ತೀನಿ, ಏನಾರ ಬೇಕಾ ಕೇಳು." "ಬೆಲ್ಲ ಮುಗ್ದೈತೆ ಅಂತ ಯೋಳಪ್ಪ ಕಂಬ." ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಇಬ್ಬರೂ ಉಂಡರು, ಮಲಗಿದರು, ಎದ್ದರು, ಮೂರು ವರ್ಷ ಕಂಬವೇ ಸಂಸಾರ ನಡೆಸಿತು. ಆಮೇಲೆ ಅಜ್ಜಿಗೆ ಜ್ವರ ಬಂತು. ಮೂರೇ ದಿನ. ಕೊನೆಯ ದಿನವೂ ತಾತ ಅವಳ ತಲೆಯ ಹತ್ತಿರ ಕೂತು, "ಕಂಬ, ಗಂಜಿ ಕುಡೀತಾಳಾ ಕೇಳು" ಎಂದರಂತೆ. ಅಜ್ಜಿಗೆ ಕಂಬಕ್ಕೆ ಹೇಳುವಷ್ಟೂ ಉಸಿರಿರಲಿಲ್ಲ.

ಅವಳು ಹೋದ ಎರಡು ತಿಂಗಳಿಗೆ ನಾನು ಹುಟ್ಟಿದೆ.

ಹೋದವರು ಅದೇ ಮನೆಯಲ್ಲಿ ಮತ್ತೆ ಹುಟ್ಟಿ ಬರುತ್ತಾರೆ ಎನ್ನುವುದು ನಮ್ಮಲ್ಲಿ ಅನುಮಾನಕ್ಕೆ ಎಡೆಯಿಲ್ಲದ ಮಾತು. ನನ್ನ ಎಡಗಿವಿಯ ಹಿಂದೆ ಅಜ್ಜಿಗಿದ್ದ ಜಾಗದಲ್ಲೇ ಮಚ್ಚೆ. ಅವಳ ಹಳೆಯ ಸೀರೆಯಲ್ಲಿ ಸುತ್ತಿದರೆ ಅಳು ನಿಲ್ಲುತ್ತಿತ್ತಂತೆ. (ಯಾವ ಕೂಸಿಗೆ ಹಳೇ ಸೀರೆ ಹಿತವಲ್ಲ ಹೇಳಿ.) "ಅವ್ವ ಬಂದ್ಬುಟ್ಲು" ಎಂದು ನಮ್ಮಪ್ಪ ಕುಣಿದಾಡಿದ. ತಾತ ಹೆದರುತ್ತ ಹೆದರುತ್ತ ಬಂದು ತೊಟ್ಟಿಲಲ್ಲಿ ಬಗ್ಗಿ ನೋಡಿದರು. ಆ ಹೊತ್ತಿಗೆ ಸರಿಯಾಗಿ ನಾನು ಗೋಡೆಯ ಕಡೆ ಮುಖ ತಿರುಗಿಸಿದೆನಂತೆ. ತಾತ ನೆಟ್ಟಗಾಗಿ, "ಇನ್ನೂ ಕೋಪ ಬುಟ್ಟಿಲ್ಲ ಕಣ್ಲಾ ಅವಳು" ಎಂದು ಅಪ್ಪನಿಗೆ ಹೇಳಿ ಹೊರಗೆ ಹೋದರು. ಆಗಿದ್ದಿಷ್ಟೇ. ಜಗಳ ನಿಂತಲ್ಲಿಂದ ಮುಂದುವರಿಯಿತು.

ನನಗೆ ಅಜ್ಜಿಯ ಹೆಸರನ್ನೇ ಇಟ್ಟರು. ಇಟ್ಟರೇನು, ಕರೆಯುವವರು ಯಾರು? ಅಮ್ಮ ಅತ್ತೆಯ ಹೆಸರು ಹೇಳುವಂತಿಲ್ಲ. ಅಪ್ಪ ಹೆತ್ತ ತಾಯಿಯ ಹೆಸರು ಎತ್ತುವಂತಿಲ್ಲ. ತಾತನ ವಿಷಯ ಹೇಳಿದ್ದೇನೆ. ಎಲ್ಲರಿಗೂ ನಾನು "ಅವ್ವ". ಎರಡು ವರ್ಷ ಚಿಕ್ಕವನಾದ ತಮ್ಮ ಅಕ್ಕನೆನ್ನಬೇಕೋ ಅವ್ವನೆನ್ನಬೇಕೋ ತಿಳಿಯದೆ "ಅವ್ವಕ್ಕ" ಅನ್ನುತ್ತಿದ್ದ. ಬೆಸಗರಹಳ್ಳಿಯ ಇಸ್ಕೂಲಿಗೆ ಸೇರಿಸಿದಾಗ ಮೇಷ್ಟರು ಮೊದಲ ಎರಡು ದಿನ ನನ್ನ ಹೆಸರು ಕೂಗಿದರು, ಮುಂದಿನ ಸಾಲಲ್ಲೇ ಕೂತಿದ್ದ ನಾನು ಯಾರೋ ಬಂದಿಲ್ಲವಲ್ಲ ಎಂದು ಹಿಂದೆ ತಿರುಗಿ ನೋಡಿದೆ. ಮೂರನೆಯ ದಿನ ಅವರು ನನ್ನ ಕಿವಿ ಹಿಡಿದು, ಇದು ನೀನೇ, ಕೂಗಿದಾಗ ಎದ್ದು ಹಾಜರ್ ಅನ್ನಬೇಕು ಎಂದು ಕಲಿಸಿದರು.

ಅಜ್ಜಿಯಾಗಿರುವುದರಲ್ಲಿ ಸುಖವೂ ಇತ್ತು, ಸುಳ್ಳು ಹೇಳಲಾರೆ. ಅಪ್ಪ ನನಗೆ ಒಂದು ಏಟು ಹೊಡೆದವನಲ್ಲ. ಹಾಲಿನ ಕೆನೆ ನನಗೆ, ಏಕೆಂದರೆ ಅಜ್ಜಿಗೆ ಕೆನೆಯೆಂದರೆ ಪ್ರಾಣ. ಬೀದಿಯ ಹೆಂಗಸರು ತಮಾಷೆಗೋ ನಿಜಕ್ಕೋ ನನ್ನ ಹತ್ತಿರ ನ್ಯಾಯಕ್ಕೆ ಬರುತ್ತಿದ್ದರು, ನಾನು ಸೊಂಟದ ಮೇಲೆ ಕೈಯಿಟ್ಟು ತೀರ್ಪು ಕೊಡುತ್ತಿದ್ದೆ. ಅಮ್ಮನಿಗೆ ಸಿಟ್ಟು ಬಂದರೆ ಮಾತ್ರ, "ಏನಮ್ಮ ಅತ್ತೆಮ್ಮ, ಪಾತ್ರೆ ಬೆಳಗೋಕೆ ಬತ್ತೀರೋ ಇಲ್ವೋ" ಅನ್ನುತ್ತಿದ್ದಳು. ಆದರೆ ಅಜ್ಜಿಗೆ ಬದನೆಕಾಯಿ ಆಗುತ್ತಿರಲಿಲ್ಲ. ಮನೆಯಲ್ಲಿ ಬದನೆಕಾಯಿ ಗೊಜ್ಜು ಮಾಡಿದ ದಿನ ಎಲ್ಲರಿಗೂ ಅದು, ನನಗೆ ಬರೀ ಸಾರು. ನನಗೋ ಆ ಗೊಜ್ಜಿನ ವಾಸನೆಗೇ ಬಾಯಲ್ಲಿ ನೀರು. ಪಕ್ಕದ ಮನೆಯ ಹಿತ್ತಿಲಲ್ಲಿ ಕೂತು ಕದ್ದು ತಿನ್ನುತ್ತಿದ್ದೆ. ಕೈ ತೊಳೆದು ಬರುವಾಗೆಲ್ಲ ಒಂದು ಯೋಚನೆ ಕಾಡುತ್ತಿತ್ತು: ನಾನು ಅಜ್ಜಿಯಾದರೆ ಈ ಗೊಜ್ಜು ಬೇಕೆನ್ನುವವಳು ಯಾರು?

ಇನ್ನು ತಾತ. ಅವರು ಕೆಟ್ಟವರಲ್ಲ. ತಮ್ಮನನ್ನು ಹೆಗಲ ಮೇಲೆ ಕೂರಿಸಿಕೊಂಡು ಕಬ್ಬಿನ ಗಾಡಿಯ ಹಿಂದೆ ನಡೆಯುತ್ತಿದ್ದರು, ಅವನಿಗೆ ಕತೆ ಹೇಳುತ್ತಿದ್ದರು. ಮದ್ದೂರು ಸ್ಟೇಷನ್ನಿನಿಂದ ವಡೆ ತಂದರೆ ಅವನ ಕೈಗೆ ಒಂದು ಕೊಟ್ಟು, ನನ್ನ ಪಾಲಿನದನ್ನು ಎಲೆ ಸಮೇತ ಕಂಬದ ಬುಡದಲ್ಲಿ ಇಡುತ್ತಿದ್ದರು. "ಕಂಬ, ಬಿಸಿ ಐತೆ, ಈಗ್ಲೇ ತಿನ್ನು ಅನ್ನು" ಎನ್ನುತ್ತಿದ್ದರು. ನಾನು ಕಂಬದ ಆಚೆ ನಿಂತು ತಿನ್ನುತ್ತಿದ್ದೆ. ವಡೆ ತಮ್ಮನದಕ್ಕಿಂತ ಯಾವಾಗಲೂ ದೊಡ್ಡದು. ಅದರಿಂದ ನನಗೆ ಸಮಾಧಾನವಾಗುತ್ತಿರಲಿಲ್ಲ. ನನಗೆ ಬೇಕಾಗಿದ್ದದ್ದು ಒಂದೇ, ತಾತ ಒಂದು ಸಲ ನನ್ನ ಮುಖ ನೋಡಿ ನನ್ನ ಜೊತೆ ಮಾತಾಡಬೇಕು. ಬೈದರೂ ಸರಿ. ಅದಕ್ಕಾಗಿ ಎಷ್ಟೋ ಸಲ ಹಟ್ಟಿಯ ಹಿಂದೆ ಕೂತು ಅತ್ತಿದ್ದೇನೆ.

ನನಗೆ ಒಂಬತ್ತು ನಡೆಯುತ್ತಿದ್ದಾಗ ಅಜ್ಜಿಯ ತಮ್ಮ ವಾಪಸ್ಸು ಬಂದರು. ಯುದ್ಧದ ಕಾಲ. ಪೆಟ್ರೋಲ್ ಸಿಗದೆ ಬಸ್ಸುಗಳು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ಮಳವಳ್ಳಿಯಿಂದ ಅಂಥ ಬಸ್ಸಿನಲ್ಲಿ ಬಂದ ಅವರ ಮುಖವೆಲ್ಲ ಮಸಿ, ಹೆಗಲಲ್ಲಿ ಒಂದು ಜೋಳಿಗೆ. ತಾತ ಎದ್ದು ನಿಂತರು, ಕುಳಿತರು, ಮತ್ತೆ ಎದ್ದರು. "ಬಾಪ್ಪ, ಕೂತ್ಕೊ" ಎಂದವರೇ ಎತ್ತಿಗೆ ನೀರು ಕುಡಿಸಬೇಕು ಎಂದು ಹೊರಟುಬಿಟ್ಟರು. ಎತ್ತುಗಳು ಆಗಷ್ಟೇ ಕುಡಿದಿದ್ದವು.

ಅಪ್ಪ ನನ್ನನ್ನು ಮುಂದಕ್ಕೆ ತಳ್ಳಿದ. ಅಕ್ಕನನ್ನು ತಮ್ಮ ಗುರುತು ಹಿಡಿಯುವುದನ್ನು ನೋಡಲು ಮನೆಮಂದಿಯೆಲ್ಲ ಕಾದಿದ್ದರು. ಅವರು ನನ್ನನ್ನು ನೋಡಿ, "ಯಾರವ್ವ ನೀನು?" ಅಂದರು.

"ನಿಮ್ಮಕ್ಕನೇ ಕಣ್ ಮಾವ, ಮಚ್ಚೆ ನೋಡಿ" ಎಂದ ಅಪ್ಪ.

"ನಿನ್ನ ಕೇಳ್ನಿಲ್ಲ ಕಣ್ಲಾ. ಅವಳ್ನ ಕೇಳ್ದೆ."

ನನ್ನನ್ನು ಆ ಪ್ರಶ್ನೆ ಯಾರೂ ಕೇಳಿರಲಿಲ್ಲ. ನಾನು ಒಳಗೆ ಓಡಿದೆ.

ಅವರನ್ನು ನಾನು ಬೆಳಕವಾಡಿ ತಾತ ಎಂದು ಕರೆದೆ. ಅವರು ತಮಿಳು ಸೀಮೆಯಲ್ಲಿ ಒಂದು ಬೆಟ್ಟದ ಬುಡದಲ್ಲಿ, ಒಬ್ಬ ಹಿರಿಯರ ಹತ್ತಿರ ಇಷ್ಟು ವರ್ಷ ಇದ್ದು ಕಲಿತು ಬಂದದ್ದು ಒಂದೇ ಪ್ರಶ್ನೆ. ಯಾರು ಏನೇ ಹೇಳಲಿ, "ಯಾರ್ಗೆ?" ಅನ್ನುವುದು. ಹಸಿವು ಅಂದರೆ ಯಾರಿಗೆ, ದುಃಖ ಅಂದರೆ ಯಾರಿಗೆ. ನನಗೆ ಅನ್ನುವ ಆ 'ನಾನು' ಎಲ್ಲಿದೆ, ಹುಡುಕು. ಪೂಜೆಯಿಲ್ಲ, ಮಂತ್ರವಿಲ್ಲ. ಇದು ಪರಮಾರ್ಥವಾದರೂ ನಮ್ಮೂರಿಗೆ ಹೊಂದುವುದು ಕಷ್ಟವಾಯಿತು. ಎದುರುಮನೆಯ ಮುದುಕಿ ಜಗಲಿಯಲ್ಲಿ ಕೂತು, "ಮಂಡಿ ನೋವು ಕಣಪ್ಪ" ಅಂದಳು. ಇವರು "ಯಾರ್ಗೆ?" ಅಂದರು. "ನಿಮ್ಮಪ್ಪುಂಗೆ!" ಎಂದು ಅವಳು ಎದ್ದುಹೋದಳು. ಅಪ್ಪ, ಮಂಡ್ಯದ ಕಾರ್ಖಾನೆಗೆ ಕಬ್ಬು ಸಾಗಿಸಲು ಗಾಡಿ ಸಿಗದೆ ಬೇಜಾರಾಗಿದೆ ಎಂದಾಗಲೂ ಅದೇ. "ಎತ್ತಿಗಂತೂ ಅಲ್ಲ ಮಾವ" ಎಂದ ಅಪ್ಪ. ವಾರದೊಳಗೆ ಊರ ಹುಡುಗರೆಲ್ಲ ಒಬ್ಬರನ್ನೊಬ್ಬರು "ಯಾರ್ಗೆ, ಯಾರ್ಗೆ" ಎಂದು ರೇಗಿಸಿಕೊಂಡು ತಿರುಗಿದರು.

ನನಗೆ ಮಾತ್ರ ಆ ಪ್ರಶ್ನೆ ಹಿಡಿದುಬಿಟ್ಟಿತು. ಒಂದು ಮಧ್ಯಾಹ್ನ ಅವರ ಜೊತೆ ನಾಲೆಯ ಏರಿಯ ಮೇಲೆ ಹುಣಿಸೆಮರದ ಕೆಳಗೆ ಕೂತಿದ್ದೆ.

"ಈಗ ಯೋಳು. ಯಾರು ನೀನು?" ಅಂದರು.

"ಅಜ್ಜಿ."

"ಅಂಗಂತ ಯಾರಂದೋರು?"

"ಎಲ್ರೂ."

"ಎಲ್ರೂನೂ ಬುಡು. ಯಾರೂ ಯೋಳ್ದೇನೆ ನಿಂಗೇ ಗೊತ್ತಿರೋದು ಏನೈತೆ?"

ತುಂಬ ಯೋಚಿಸಿ, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, "ನಂಗೆ ಬದ್ನೆಕಾಯಿ ಇಷ್ಟ" ಅಂದೆ.

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅದು ನಾಲ್ಗೆದು ಕಣವ್ವ. ನಾಲ್ಗೆ ಯಾರ್ದು?"

"ನಂದು."

"ನಂದು ಅಂದೋಳು ಎಲ್ಲವ್ಳೆ? ಕಣ್ ಮುಚ್ಕೊಂಡು ಉಡುಕು. ಸಿಕ್ಕುದ್ರೆ ನಂಗೂ ತೋರ್ಸು."

ಕಣ್ಣು ಮುಚ್ಚಿದೆ. ಹಣೆಯ ಹಿಂದೆ ಹುಡುಕಿದೆ, ಎದೆಯಲ್ಲಿ ಹುಡುಕಿದೆ. ಅಜ್ಜಿ ಎಲ್ಲಾದರೂ ಒಂದು ಮೂಲೆಯಲ್ಲಿ ಕೂತಿರಬಹುದೆಂದು ಅವಳನ್ನೂ ಹುಡುಕಿದೆ. ಅವಳ ಮದುವೆ, ಅವಳ ತವರು, ಆ ಎಲೆ, ಒಂದೂ ನನಗೆ ನೆನಪಿರಲಿಲ್ಲ. ಎಲ್ಲ ಕೇಳಿದ್ದೇ, ಕಂಡದ್ದಲ್ಲ. ಹುಡುಕುತ್ತ ಹುಡುಕುತ್ತ ಒಂದು ಗಳಿಗೆ ಅಜ್ಜಿಯೂ ಇರಲಿಲ್ಲ, ಮೊಮ್ಮಗಳೂ ಇರಲಿಲ್ಲ, ಇದ್ದೇನೆ ಅನ್ನುವುದಷ್ಟೇ ಇತ್ತು. ತೂಬಿನಲ್ಲಿ ನೀರು ಸುರಿಯುವ ಸದ್ದು ಕೇಳುತ್ತಿತ್ತು. ಹೆದರಿಕೆಯಾಗಲಿಲ್ಲ, ಕಾರಣವಿಲ್ಲದೆ ಖುಷಿಯಾಯಿತು. ಇಂದಿಗೂ ಆ ಖುಷಿಯ ರುಚಿ ನನಗೆ ಗೊತ್ತು. ಅಷ್ಟರಲ್ಲಿ ಕೆಂಜಿಗವೊಂದು ತೊಡೆಗೆ ಕಚ್ಚಿತು. "ಅಯ್ಯಪ್ಪಾ, ಉರಿ!" ಅಂದೆ.

"ಯಾರ್ಗೆ?"

"ನಂಗೇ!" ಎಂದು ಕಿರುಚಿದೆ. ಇಬ್ಬರೂ ನಕ್ಕೆವು.

ಆ ನಗುವಿನಲ್ಲೇ ನನ್ನ ಗುಟ್ಟು ಹೇಳಿದೆ. ಹಿಂದಿನ ದಿನವಷ್ಟೇ ಅಮ್ಮ ನನ್ನನ್ನು ಅಡಿಗೆಮನೆಗೆ ಎಳೆದು, "ಕಂಬದ್ ಮುಂದೆ ನಿಂತ್ಕೊಂಡು, ಕಂಬ, ನಾನು ಕೋಪ ಬುಟ್ಟಿವ್ನಿ ಅಂತ ಯೋಳ್ಬುಡು ಅನ್ನು. ನಿಮ್ಮಜ್ಜಿ ತರಾನೇ ಗತ್ತಲ್ಲಿ ಯೋಳು. ಮುದುಕಪ್ಪುಂಗೆ ನೆಮ್ಮದಿ ಆಯ್ತದೆ, ನಿನ್ ಜೊತೆ ಮಾತೂ ಆಡ್ತರೆ" ಎಂದು ಕಲಿಸಿದ್ದಳು. ನಾನು ಗತ್ತು ಅಭ್ಯಾಸ ಮಾಡುತ್ತಿದ್ದೆ. ಹಾಗೆ ಹೇಳಲೋ ಎಂದು ಬೆಳಕವಾಡಿ ತಾತನನ್ನು ಕೇಳಿದೆ.

"ಯೋಳ್ಬೌದು. ಆದ್ರೆ ಆಮ್ಯಾಕೆ ಅವ್ರು ಆಡೋ ಮಾತು ನಿಂಗೆ ಬರಾಕಿಲ್ಲ ಕಣವ್ವ, ಅವಳ್ಗೋಯ್ತದೆ" ಅಂದರು. ಆಮೇಲೆ, "ಅದ್ಸರಿ, ಅವ್ರಿಬ್ರೂ ಮಾತು ಬುಟ್ಟಿದ್ದು ಯಾಕೆ?" ಎಂದು ಕೇಳಿದರು.

ಅವರಿಗೆ ಗೊತ್ತೇ ಇರಲಿಲ್ಲ! ಅಂದು ಹೋದವರಿಗೆ ಅಕ್ಕ ಸತ್ತ ಸುದ್ದಿಯೇ ಈ ಸಲ ಬೆಳಕವಾಡಿಗೆ ಬಂದಾಗ ಸಿಕ್ಕಿದ್ದು. ನಾನು ಎಲೆಯ ಕತೆ ಪೂರ್ತಿ ಹೇಳಿದೆ. ಅವರ ನಗು ಇಂಗಿತು. "ನಾನು ಎದ್ದಿದ್ದುಕ್ಕಾ?" ಅಂದರು. ಯಾರಿಗೆ ಎಂದು ಕೇಳುವುದನ್ನೂ ಮರೆತು, ನನ್ನ ಕೈ ಹಿಡಿದುಕೊಂಡು ದಡದಡ ಮನೆಗೆ ನಡೆದರು.

ತಾತ, ಅಪ್ಪ, ತಮ್ಮ ಊಟಕ್ಕೆ ಕೂತಿದ್ದರು. ಮುದ್ದೆ, ಸೊಪ್ಪಿನ ಸಾರು, ಬದನೆಕಾಯಿ ಗೊಜ್ಜು. ಬೆಳಕವಾಡಿ ತಾತನಿಗೂ ಎಲೆ ಹಾಕಿದರು. ನಾನು ನೀರಿನ ಚೊಂಬು ಹಿಡಿದು ಎಂದಿನಂತೆ ಕಂಬದ ಆಚೆ ನಿಂತೆ.

"ಭಾವ," ಎಂದರು ಅವರು, ಎಲೆ ಮುಟ್ಟದೆ. "ಅವತ್ತು ನಾನೆದ್ದಿದ್ದು ನಿಮ್ ಮಾತ್ಗಲ್ಲ. ನೀವೇನಂದ್ರೋ ನನ್ ಕಿವೀಗೇ ಬೀಳ್ನಿಲ್ಲ. ಅದ್ರ ಇಂದ್ಲ ದಿನ ಮಳವಳ್ಳಿ ಸಂತೇಲಿ ಸಿಕ್ಕಿದ್ದೆಲ್ಲ ತಿಂದು ಒಟ್ಟೆ ಕೆಟ್ಟೋಗಿತ್ತು. ತಡ್ಕೊಳಕ್ಕಾಗ್ನಿಲ್ಲ, ಇತ್ಲು ಬಾಗ್ಲಿಂದ ನಾಲೆ ತಾವ್ಕೆ ಓಡ್ದೆ. ಪಂಚೆನೂ ಕೆಟ್ಟೋಯ್ತು. ಅಷ್ಟು ಜನುದ್ ಮುಂದೆ ಎಂಗೆ ಬರ್ಲಿ ಅಂತ ನಾಚ್ಕೊಂಡು, ಎಂಗೂ ಆ ಬೆಟ್ಟುಕ್ಕೆ ಓಗ್ಬೇಕು ಅಂತಿದ್ದೋನು, ಅಂಗೇ ಒಂಟೋದೆ. ಕೋಪ ಗೀಪ ಏನೂ ಇರ್ನಿಲ್ಲ ಭಾವ."

ಅಪ್ಪ ಕಿಸಕ್ಕನೆ ನಕ್ಕು, ತಾತನ ಮುಖ ನೋಡಿ ಬಾಯಿಗೆ ಮುದ್ದೆ ತುರುಕಿಕೊಂಡ. ತಾತ ನಗಲಿಲ್ಲ. ಅವರ ಬೆರಳುಗಳು ಮುದ್ದೆಯ ಮೇಲೆ ಹಾಗೇ ನಿಂತಿದ್ದವು. "ಮೂರು ವರ್ಸ" ಅಂದರು. "ಒಂದ್ಮಾತು ಆಡ್ದೇ ಓದ್ಲಲ್ಲ" ಅಂದರು. ತಾತನ ದನಿ ಅಷ್ಟು ಸಣ್ಣದಾಗಿದ್ದುದನ್ನು ನಾನು ಕೇಳಿರಲಿಲ್ಲ. ಆಮೇಲೆ ಅವರು ಕಂಬದ ಕಡೆ ತಿರುಗಿದರು.

"ಕಂಬ, ಅವಳು ಕೇಳುಸ್ಕೊಂಡ್ಲಾ ಕೇಳು. ನಾನು ಅವತ್ತು ಅಂಗನ್ಬಾರ್ದಾಗಿತ್ತು, ಅದುನ್ನೂ ಯೋಳು. ಇನ್ನೂ ಕೋಪ ಐತಾ ಅಂತ ಕೇಳು."

ಅಡಿಗೆಮನೆಯ ಬಾಗಿಲಲ್ಲಿ ಅಮ್ಮ ನನ್ನತ್ತ ಕಣ್ಣು ಬಿಡುತ್ತಿದ್ದಳು, ಹೇಳು, ಹೇಳು ಎಂದು. ಕಲಿತ ಮಾತು ನನ್ನ ನಾಲಗೆಯ ತುದಿಯಲ್ಲೇ ಇತ್ತು. ಒಂದು ಮಾತಿಗೆ ತಾತನಿಗೆ ನೆಮ್ಮದಿ, ನನಗೆ ತಾತ. ಆದರೆ ಯಾರು ಏನು ಕೇಳಿದರೂ ಉತ್ತರವನ್ನು ನನ್ನೊಳಗೇ ಹುಡುಕುವ ಅಭ್ಯಾಸ ನನಗೆ ಹತ್ತಿಬಿಟ್ಟಿತ್ತು. ಕೋಪ ಯಾರಿಗೆ ಎಂದು ಕಣ್ಣು ಮುಚ್ಚಿ ನೋಡಿದೆ. ಅಜ್ಜಿ ಇರಲಿಲ್ಲ. ನನ್ನದೂ ಒಂದು ಕೋಪವಿತ್ತು, ಮಾತಾಡಿಸದ ತಾತನ ಮೇಲೆ, ಎಷ್ಟೋ ವರ್ಷದ್ದು. ಅದನ್ನೂ ಹುಡುಕಿದೆ. ಈಗ ಅದೂ ಸಿಗಲಿಲ್ಲ.

ಚೊಂಬು ಕೆಳಗಿಟ್ಟು ಕಂಬದ ಈಚೆಗೆ ಬಂದೆ. ತಾತನ ಎಲೆಯ ಮುಂದೆಯೇ ನಿಂತೆ.

"ತಾತ, ಒಳಗೆಲ್ಲ ಉಡುಕ್ದೆ. ಅಜ್ಜಿ ಸಿಗ್ನಿಲ್ಲ. ಕೋಪಾನೂ ಸಿಗ್ನಿಲ್ಲ. ನಾನೊಬ್ಳೇ ಇವ್ನಿ."

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ತಾತ ನನ್ನನ್ನು ನೋಡಿದರು. ಕಂಬವನ್ನಲ್ಲ, ನೆಲವನ್ನಲ್ಲ, ನನ್ನನ್ನು. ಮಚ್ಚೆಯನ್ನು ನೋಡುವವರ ನೋಟವಲ್ಲ ಅದು. ಹಣೆ, ಕಣ್ಣು, ಬಿದ್ದ ಹಲ್ಲಿನ ಸಂದು, ಎಲ್ಲ ನೋಡಿದರು. ನಾನೂ ಅವರ ಕಣ್ಣು ಕಂದುಬಣ್ಣದ್ದು ಎಂದು ಮೊದಲ ಬಾರಿಗೆ ಕಂಡೆ.

ಆಮೇಲೆ ಅವರು ಒಂದು ಹೆಸರು ಹೇಳಿದರು.

ಆ ಮನೆಯಲ್ಲಿ ಆ ಹೆಸರನ್ನು ಯಾರೂ ಹೇಳಿದ್ದಿಲ್ಲ. ಅಪ್ಪನ ಕೈ ಬಾಯಿಯ ಹತ್ತಿರವೇ ನಿಂತಿತು. ತಾತ ಯಾರನ್ನು ಕರೆಯುತ್ತಿದ್ದಾರೆಂದು ನಾನು ಹಿಂದೆ ತಿರುಗಿ ನೋಡಿದೆ. ಹಿಂದೆ ಕಂಬ ಬಿಟ್ಟರೆ ಯಾರೂ ಇರಲಿಲ್ಲ. ಹೆಂಡತಿಯನ್ನು ಒಂದು ದಿನವೂ ಹೆಸರು ಹಿಡಿದು ಕರೆಯದ ಮನುಷ್ಯ, ಎರಡನೆಯ ಸಲ ಇನ್ನೂ ಜೋರಾಗಿ ಆ ಹೆಸರು ಕೂಗಿದರು. ಆಗ ನನಗೆ ಹೊಳೆಯಿತು. ಬೆನ್ನು ನೆಟ್ಟಗೆ ಮಾಡಿ, ಕೈ ಕಟ್ಟಿ ನಿಂತೆ.

"ಹಾಜರ್, ತಾತ!"

ಬೆಳಕವಾಡಿ ತಾತ ಮೊದಲು ನಕ್ಕರು, ಆಮೇಲೆ ಅಪ್ಪ, ಅಮ್ಮ. ತಾತನೂ ನಕ್ಕರು, ನಗುತ್ತಲೇ ಎಡಗೈಯಿಂದ ಹೆಗಲ ಟವಲು ಎಳೆದು ಕಣ್ಣು ಒರೆಸಿಕೊಂಡರು. ನಾನೂ ಅತ್ತುಬಿಟ್ಟೆ. ಯಾಕೆ ಅಳುತ್ತೀಯೆ ಎಂದು ತಮ್ಮ ಕೇಳಿದ. ತಾತ ಪಕ್ಕಕ್ಕೆ ಸರಿದು ಜಾಗ ಮಾಡಿದರು. ತಮ್ಮದೇ ಎಲೆಯಲ್ಲಿದ್ದ ಗೊಜ್ಜನ್ನು ಬೆರಳಿನಿಂದ ತೋರಿಸಿದರು.

"ಪಕ್ಕದ್ಮನೆ ಇತ್ಲಲ್ಲಿ ಕದ್ದು ತಿಂತೀಯಲ್ಲ, ನಂಗೆ ಗೊತ್ತಿಲ್ವಾ? ಬಾ, ಕೂತ್ಕೊ. ಬದ್ನೆಕಾಯಿ ಬೇಕಾ?"

"ಊಂ, ನಂಗೆ ಬೇಕು" ಅಂದೆ. ಬೆಳಕವಾಡಿ ತಾತ ಪಕ್ಕದಲ್ಲೇ ಇದ್ದರು. ಯಾರಿಗೆ ಎಂದು ಕೇಳಲಿಲ್ಲ.